ಬಡ್ಡಿ ಬಾಡಿಗೆಯ ಖರ್ಚು, ಸಂಬಳದ್ದಲ್ಲ

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಗಳಲ್ಲಿ ಬದುಕುವ ಕನ್ನಡಿಗರಲ್ಲಿ ಏಕಕಾಲಕ್ಕೆ ಮೂರು ವೇಷ ಹಾಕುವವರಿದ್ದಾರೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಒಂದು ಫ್ಲ್ಯಾಟ್ ಕೊಂಡಿರುವುದರಿಂದ ಅವರು ಮನೆ ಮಾಲೀಕರು. ಅದನ್ನು ಸಾಲ ಮಾಡಿಯೇ ಕೊಂಡಿರುವುದರಿಂದ ಬ್ಯಾಂಕಿಗೆ ಸಾಲಗಾರರು. ದುಡಿಮೆ ಬೇರೆ ಊರಿನಲ್ಲಿರುವುದರಿಂದ ಅಲ್ಲಿ ಬಾಡಿಗೆದಾರರು. ತಿಂಗಳ ಮೊದಲ ವಾರದಲ್ಲಿ ಊರಿನ ಬಾಡಿಗೆ ಖಾತೆಗೆ ಬೀಳುತ್ತದೆ, ಅದರ ಬೆನ್ನಿಗೇ ಕಂತು ಹೊರಗೆ ಹೋಗುತ್ತದೆ, ಅದರ ಬೆನ್ನಿಗೆ ತಾವಿರುವ ಮನೆಯ ಬಾಡಿಗೆ ಹೋಗುತ್ತದೆ. ಈ ಮೂರೂ ಮೊತ್ತಗಳು ಒಂದೇ ಸಂಸಾರದ ಒಂದೇ ಲೆಕ್ಕದ ಸಾಲುಗಳು. ಆದರೆ ಆದಾಯ ತೆರಿಗೆ ಕಾನೂನಿನ ಕಣ್ಣಿಗೆ ಬಂದ ಬಾಡಿಗೆ ಆದಾಯ, ಕಟ್ಟಿದ ಬಡ್ಡಿ ಅರ್ಧ ಖರ್ಚು, ಕೊಟ್ಟ ಬಾಡಿಗೆ ಏನೂ ಅಲ್ಲ.

ಈ ಲೆಕ್ಕ ತಪ್ಪು ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಕೇಳುವುದು ತಪ್ಪು ಪರಿಹಾರ. ಗೃಹಸಾಲದ ಬಡ್ಡಿಯನ್ನು ಸಂಬಳದಿಂದ ಕಳೆಯುವ ಹಳೆಯ ಸವಲತ್ತು ಮರಳಿ ಬರಲಿ ಎಂಬುದು ಅವರ ಬೇಡಿಕೆ. ಅದು ಬರಬೇಕಾಗಿಲ್ಲ. ಬರಬೇಕಾದದ್ದು ಬೇರೆ ಇದೆ, ಅದನ್ನು ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ.

ಕಾನೂನು ಏನು ಮಾಡುತ್ತದೆ

1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಮನೆಯ ಆದಾಯಕ್ಕೆ ಪ್ರತ್ಯೇಕ ಶೀರ್ಷಿಕೆ ಇದೆ. ಬಾಡಿಗೆಯಿಂದ ಮೊದಲು ಪಾಲಿಕೆಗೆ ಕಟ್ಟಿದ ತೆರಿಗೆ ಕಳೆಯಬೇಕು. ಉಳಿದದ್ದರಲ್ಲಿ ಶೇ. 30ರಷ್ಟನ್ನು ರಿಪೇರಿ ಇತ್ಯಾದಿಗೆಂದು ಸಾರಾಸಗಟಾಗಿ ಬಿಟ್ಟುಕೊಡಲಾಗುತ್ತದೆ. ಸುಣ್ಣ ಬಳಿದರೂ ಅಷ್ಟೇ, ಗೋಡೆ ಬಿರುಕು ಬಿಟ್ಟರೂ ಅಷ್ಟೇ. ಅದಾದ ಮೇಲೆ 24(ಬಿ) ಕಲಮಿನಂತೆ ಸಾಲದ ಬಡ್ಡಿ ಕಳೆಯಬೇಕು. ಬಾಡಿಗೆಗೆ ಕೊಟ್ಟ ಮನೆಯಾದರೆ ಈ ಬಡ್ಡಿಗೆ ಮಿತಿ ಇಲ್ಲ. ಸ್ವಂತ ವಾಸದ ಮನೆಯಾದರೆ, ಅದೂ ಹಳೆಯ ಪದ್ಧತಿಯಲ್ಲಿ ಮಾತ್ರ, 2 ಲಕ್ಷ ರೂಪಾಯಿಯ ಮಿತಿ.

ಸಾಲ ಹೊಸದಾಗಿದ್ದಾಗ ಬಡ್ಡಿ ಬಾಡಿಗೆಯನ್ನು ಮೀರಿಸುತ್ತದೆ. ಆಗ ಈ ಶೀರ್ಷಿಕೆಯಲ್ಲಿ ನಷ್ಟ ಹುಟ್ಟುತ್ತದೆ. ಜಗಳ ಇರುವುದು ಈ ನಷ್ಟದ ಬಗ್ಗೆ. 2017ರ ತನಕ ಅದನ್ನು ಪೂರ್ತಿಯಾಗಿ ಸಂಬಳದ ಮೇಲೆ ಹೊರಿಸಬಹುದಿತ್ತು. ಎರಡು ಕೋಟಿಯ ಫ್ಲ್ಯಾಟ್ ಕೊಂಡು, ವರ್ಷಕ್ಕೆ ಹನ್ನೆರಡು ಲಕ್ಷ ಬಡ್ಡಿ ಕಟ್ಟಿ, ನಾಲ್ಕು ಲಕ್ಷ ಬಾಡಿಗೆ ಪಡೆಯುವವರು ಉಳಿದದ್ದನ್ನೆಲ್ಲ ಸಂಬಳದಿಂದ ಕಳೆದು ತೆರಿಗೆ ಉಳಿಸುತ್ತಿದ್ದರು. 2017ರ ಹಣಕಾಸು ಕಾಯ್ದೆ ಇದಕ್ಕೆ ವರ್ಷಕ್ಕೆ 2 ಲಕ್ಷದ ಬೇಲಿ ಹಾಕಿತು. ಮಿಕ್ಕ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು ಮುಂದಿನ ಬಾಡಿಗೆ ಆದಾಯದಿಂದ ಕಳೆಯಬಹುದು ಎಂದಿತು. 2020ರಲ್ಲಿ ಬಂದು 2023-24ರಿಂದ ಎಲ್ಲರಿಗೂ ಮೊದಲ ಆಯ್ಕೆಯಾದ ಹೊಸ ಪದ್ಧತಿ ಆ 2 ಲಕ್ಷವನ್ನೂ ತೆಗೆದುಹಾಕಿತು. ಹೊಸ ಪದ್ಧತಿಯಲ್ಲಿ ಬಾಡಿಗೆ ಮನೆಯ ಬಡ್ಡಿಯನ್ನು ಬಾಡಿಗೆಯ ಮಟ್ಟದ ತನಕ ಕಳೆಯಬಹುದು. ಅದರಾಚೆ ಒಂದು ರೂಪಾಯಿಯೂ ಸಂಬಳವನ್ನು ಮುಟ್ಟುವಂತಿಲ್ಲ.

ಇಲ್ಲಿಯವರೆಗೆ ಸರ್ಕಾರ ಮಾಡಿದ್ದು ಸರಿ. ಇದನ್ನು ಒಪ್ಪಲು ಮಧ್ಯಮ ವರ್ಗಕ್ಕೆ ಕಷ್ಟವಾಗುತ್ತದೆ, ಆದರೂ ಒಪ್ಪಬೇಕು.

ತೆರಿಗೆ ಉಳಿಸಲು ಮನೆ ಎಂಬ ಬುರುಡೆ

ಬಾಡಿಗೆ ಸಂಪಾದಿಸಲು ಮಾಡಿದ ಖರ್ಚು ಬಾಡಿಗೆಯಿಂದ ಕಳೆಯಬೇಕು ಎಂಬುದು ನ್ಯಾಯ. ಕಿರಾಣಿ ಅಂಗಡಿಯವನು ಅಕ್ಕಿ ಕೊಂಡ ಬೆಲೆಯನ್ನು ಅಕ್ಕಿ ಮಾರಿದ ಬೆಲೆಯಿಂದ ಕಳೆಯುವ ಹಾಗೆ ಅದು. ಆದರೆ ಪುಣೆಯ ಸಾಫ್ಟ್‌ವೇರ್ ಕಂಪನಿಯಲ್ಲಿ ಬರುವ ಸಂಬಳಕ್ಕೂ ವೈಟ್‌ಫೀಲ್ಡಿನ ಫ್ಲ್ಯಾಟಿನ ಬಡ್ಡಿಗೂ ಏನು ನಂಟು? ಆ ಬಡ್ಡಿ ಕಟ್ಟಿದ್ದರಿಂದ ಈ ಸಂಬಳ ಬರಲಿಲ್ಲ. ಸಂಬಳದಿಂದ ಅದನ್ನು ಕಳೆಯಲು ಬಿಟ್ಟರೆ ಮಾಲೀಕನ ಹೂಡಿಕೆಗೆ ಸಾರ್ವಜನಿಕ ಖಜಾನೆ ಪಾಲುದಾರನಾಗುತ್ತದೆ. ವಿಚಿತ್ರ ಪಾಲುದಾರಿಕೆ ಇದು: ನಷ್ಟದಲ್ಲಿ ಪಾಲು ಇದೆ, ಮನೆಯ ಬೆಲೆ ಏರಿದಾಗ ಅದೇ ಪ್ರಮಾಣದ ಪಾಲು ಇಲ್ಲ. ಮೇಲಾಗಿ ಸಂಬಳ ಹೆಚ್ಚಿದ್ದಷ್ಟೂ ಸಹಾಯ ಹೆಚ್ಚು. ಶೇ. 30ರ ಹಂತದಲ್ಲಿರುವವರಿಗೆ 2 ಲಕ್ಷದ ಮೇಲೆ ಸೆಸ್ ಸೇರಿ 62,400 ರೂಪಾಯಿ ಉಳಿಯುತ್ತಿತ್ತು. ಶೇ. 5ರ ಹಂತದ ಗುಮಾಸ್ತನಿಗೆ 10,400.

ಈ ಸವಲತ್ತಿನ ಸುತ್ತ ಒಂದು ಮಾರಾಟದ ಭಾಷೆಯೇ ಬೆಳೆದಿತ್ತು. ಎರಡನೇ ಮನೆ ಕೊಳ್ಳಿ, ತೆರಿಗೆ ಉಳಿಸಿ, ಕಂತನ್ನು ಬಾಡಿಗೆಯೇ ಕಟ್ಟುತ್ತದೆ ಎಂದು ಬಿಲ್ಡರು, ಸಾಲದ ಏಜೆಂಟರು ಹೇಳುತ್ತಿದ್ದರು. ಭಾರತದ ನಗರಗಳಲ್ಲಿ ಮನೆಯ ಬೆಲೆಗೆ ಹೋಲಿಸಿದರೆ ಬಾಡಿಗೆ ಎಷ್ಟು ಕಡಿಮೆ ಎಂಬುದು ಮಾಲೀಕರಿಗೆಲ್ಲ ಗೊತ್ತು. ಬಾಡಿಗೆ ಕಂತಿನ ಅರ್ಧವನ್ನೂ ಮುಟ್ಟುವುದಿಲ್ಲ. ಬಡ್ಡಿಗೆ ನೂರು ರೂಪಾಯಿ ಕೊಟ್ಟು ತೆರಿಗೆಯಲ್ಲಿ ಮೂವತ್ತೊಂದು ರೂಪಾಯಿ ಉಳಿಸುವುದು ಉಳಿತಾಯವಲ್ಲ, ಅರವತ್ತೊಂಬತ್ತು ರೂಪಾಯಿಯ ಖರ್ಚು. ಸಾಲ ಮಾಡಿ ತುಪ್ಪ ತಿನ್ನುವವನಿಗೆ ಸರ್ಕಾರ ತುಪ್ಪದ ಬಿಲ್ಲಿನಲ್ಲಿ ಮೂರನೇ ಒಂದು ಭಾಗ ಕೊಟ್ಟರೆ ತುಪ್ಪದ ಬೆಲೆ ಏರುತ್ತದೆಯೇ ಹೊರತು ಹೊಟ್ಟೆ ತುಂಬುವುದಿಲ್ಲ. ಮನೆ ವಿಷಯದಲ್ಲಿ ಆ ಏರಿದ ಬೆಲೆ ತೆರುವವರು ಮೊದಲ ಮನೆ ಕೊಳ್ಳಲು ಹೊರಟ ಹುಡುಗ ಹುಡುಗಿಯರು.

ಆದ್ದರಿಂದ ಸಂಬಳದ ಬಾಗಿಲು ಮುಚ್ಚಿದ್ದಕ್ಕೆ ಅಳಬೇಕಾಗಿಲ್ಲ. ತಕರಾರು ಇರುವುದು ಆ ಬಾಗಿಲು ಮುಚ್ಚಿದ ಗಡಿಬಿಡಿಯಲ್ಲಿ ಪಕ್ಕದ ಬಾಗಿಲನ್ನೂ ಮುಚ್ಚಿದ್ದಕ್ಕೆ.

ಕೊಡದೆ ಕೊಟ್ಟಂತೆ ಭಾವಿಸುವುದು

ಒಂದು ಲೆಕ್ಕ ಹಾಕಿ ನೋಡಬಹುದು. ಬೆಂಗಳೂರಿನ ಒಂದು ಫ್ಲ್ಯಾಟಿಗೆ 50 ಲಕ್ಷ ಸಾಲ, ಬಡ್ಡಿ ಶೇ. 8.5, ಅವಧಿ 20 ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 43,400 ರೂಪಾಯಿ. ಮೊದಲ ವರ್ಷ ಅದರಲ್ಲಿ ಬಡ್ಡಿಯ ಭಾಗವೇ ಸುಮಾರು 4.2 ಲಕ್ಷ. ಪಾಲಿಕೆಯ ತೆರಿಗೆ ಕಳೆದು ವರ್ಷಕ್ಕೆ 2.4 ಲಕ್ಷ ಬಾಡಿಗೆ ಕೈಗೆ ಬರುತ್ತದೆ ಎನ್ನೋಣ. ಶೇ. 30 ಬಿಟ್ಟರೆ 1.68 ಲಕ್ಷ. ಬಡ್ಡಿಯಲ್ಲಿ ಅಷ್ಟು ಭಾಗ ಬಾಡಿಗೆಗೆ ವಜಾ ಆಗುತ್ತದೆ. ಉಳಿದದ್ದು 2.52 ಲಕ್ಷ. ಹೊಸ ಪದ್ಧತಿಯಲ್ಲಿ ಇದನ್ನು ಸಂಬಳದಿಂದ ಕಳೆಯುವಂತಿಲ್ಲ, ಸರಿ. ಹಾಗಾದರೆ ಇದು ಎಲ್ಲಿಗೆ ಹೋಗುತ್ತದೆ?

ಸಹಜ ಉತ್ತರ: ಮುಂದಿನ ವರ್ಷಗಳ ಬಾಡಿಗೆಗೆ. ಸಾಲ ತೀರುತ್ತಾ ಹೋದಂತೆ ಬಡ್ಡಿ ಇಳಿಯುತ್ತದೆ, ಬಾಡಿಗೆ ಏರುತ್ತದೆ. ಬಾಡಿಗೆ ವರ್ಷಕ್ಕೆ ಶೇ. 5ರಂತೆ ಏರಿದರೆ ಮೇಲಿನ ಲೆಕ್ಕದಲ್ಲಿ ಹನ್ನೆರಡನೇ ವರ್ಷ ಬಡ್ಡಿ ಬಾಡಿಗೆಗಿಂತ ಕೆಳಗಿಳಿದು ಮೊದಲ ಸಲ ತೆರಿಗೆಗೆ ಒಳಪಡುವ ಆದಾಯ ಹುಟ್ಟುತ್ತದೆ. ಆ ಹೊತ್ತಿಗೆ, ಮೊದಲ ಹನ್ನೊಂದು ವರ್ಷಗಳಲ್ಲಿ ಕಟ್ಟಿಯೂ ಯಾವ ಲೆಕ್ಕಕ್ಕೂ ಬರದೆ ಉಳಿದ ಬಡ್ಡಿ ಸುಮಾರು 16 ಲಕ್ಷ. ಹನ್ನೆರಡನೇ ವರ್ಷದ ಆದಾಯದಿಂದ ಅದನ್ನು ಕಳೆಯಲು ಬಿಟ್ಟರೆ ಆ ಮನೆ ನಿಜವಾಗಿ ಲಾಭ ಕೊಟ್ಟ ದಿನ ತೆರಿಗೆ ಶುರುವಾಗುತ್ತದೆ. ಬಿಡದಿದ್ದರೆ, ಹದಿನಾರು ಲಕ್ಷ ಹಿಂದಿರುವ ಮನೆಗೆ ಲಾಭ ಬಂದಿದೆ ಎಂದು ತೆರಿಗೆ ಹಾಕಿದಂತಾಗುತ್ತದೆ.

ಹೊಸ ಪದ್ಧತಿ ಏನು ಹೇಳುತ್ತದೆ? ಇಲ್ಲಿ ಎರಡು ಸರ್ಕಾರಿ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. 2020ರ ಹಣಕಾಸು ಮಸೂದೆಯ ಜೊತೆ ಸಂಸತ್ತಿನ ಮುಂದಿಟ್ಟ ವಿವರಣಾ ಟಿಪ್ಪಣಿ, ಬಾಡಿಗೆ ಮನೆಯ ನಷ್ಟವನ್ನು ಬೇರೆ ಶೀರ್ಷಿಕೆಗೆ ಹೊಂದಿಸುವಂತಿಲ್ಲ, ಆದರೆ ಇರುವ ಕಾನೂನಿನಂತೆ ಮುಂದಕ್ಕೆ ಒಯ್ಯಲು ಅವಕಾಶವಿದೆ ಎಂದು ಆವರಣದೊಳಗೆ ಹೇಳಿತು. ಅದೇ ಮಸೂದೆಯಿಂದ ಬಂದ 115ಬಿಎಸಿ ಕಲಮು, ಹೀಗೆ ಹೊಂದಿಸಲು ಬಿಡದ ನಷ್ಟಗಳಿಗೆ ಪೂರ್ಣ ಪರಿಣಾಮ ಕೊಡಲಾಗಿದೆ ಎಂದು ಭಾವಿಸತಕ್ಕದ್ದು, ಮುಂದಿನ ಯಾವ ವರ್ಷವೂ ಅದನ್ನು ಕಳೆಯುವಂತಿಲ್ಲ ಎಂದಿತು. ಟಿಪ್ಪಣಿ ಕೊಟ್ಟದ್ದನ್ನು ಕಲಮು ಕಿತ್ತುಕೊಂಡಿತು. ಕಾನೂನಿನಲ್ಲಿ ಗೆಲ್ಲುವುದು ಕಲಮಿನ ಮಾತು. ಲೆಕ್ಕಪರಿಶೋಧಕರಲ್ಲಿ ಹೆಚ್ಚಿನವರು ಹೊಸ ಪದ್ಧತಿಯಲ್ಲಿ ಬಾಡಿಗೆ ನಷ್ಟ ಮುಂದಕ್ಕೆ ಹೋಗುವುದಿಲ್ಲ ಎಂದೇ ಕಕ್ಷಿದಾರರಿಗೆ ಹೇಳುತ್ತಾರೆ.

ಆ ಕಲಮಿನ ವ್ಯಾಕರಣವನ್ನು ಸ್ವಲ್ಪ ಗಮನಿಸಬೇಕು. "ಭಾವಿಸತಕ್ಕದ್ದು" ಎಂಬುದು ಕಾನೂನಿನ ಕನ್ನಡದ ಹಳೆಯ ಕ್ರಿಯಾಪದ. ಇಲ್ಲದ್ದನ್ನು ಇದೆ ಎಂದು ಹಿಡಿಯಲು ಅದನ್ನು ಬಳಸುತ್ತಾರೆ. ಹಲವು ಕಡೆ ಅದು ಉಪಕಾರಿಯೇ. ಒಬ್ಬರಿಗೆ ಅಂಚೆಯಲ್ಲಿ ಕಳಿಸಿದ ನೋಟಿಸು ತಲುಪಿದೆ ಎಂದು ಭಾವಿಸದಿದ್ದರೆ ಯಾವ ಮೊಕದ್ದಮೆಯೂ ಮುಂದೆ ಹೋಗದು. ಆದರೆ ಇಲ್ಲಿ ಭಾವಿಸಲು ಹೇಳಿರುವುದು ಏನನ್ನು? ಒಂದು ಕಡಿತವನ್ನು ಕೊಡುವುದಿಲ್ಲ ಎಂದು ಒಂದು ಸಾಲು ಹೇಳುತ್ತದೆ. ಕೊಟ್ಟಾಗಿದೆ ಎಂದು ಮುಂದಿನ ಸಾಲು ಹೇಳುತ್ತದೆ. ಊಟಕ್ಕೆ ಕೂತವನಿಗೆ ಎಲೆ ಹಾಕದೆ, ಉಂಡಾಯಿತು ಎದ್ದೇಳು ಎಂದಂತೆ.

ಇದು ಸರಳೀಕರಣವೇ? ಹೊಸ ಪದ್ಧತಿಯ ಪರವಾದ ಮುಖ್ಯ ವಾದ, ವಿನಾಯಿತಿಗಳನ್ನೆಲ್ಲ ತೆಗೆದು ದರ ಇಳಿಸಿದ್ದೇವೆ ಎಂಬುದು. ವಾದದಲ್ಲಿ ತೂಕವಿದೆ. ವಿಮೆ, ಪಿಎಫ್, ಗೃಹಸಾಲದ ಅಸಲು ಇವೆಲ್ಲ ವಿನಾಯಿತಿಗಳೇ. ಸರ್ಕಾರ ಕೊಟ್ಟಿತ್ತು, ತೆಗೆದುಕೊಂಡಿತು. ಆದರೆ ಬಾಡಿಗೆ ಮನೆಯ ಬಡ್ಡಿ ವಿನಾಯಿತಿಯಲ್ಲ, ಆದಾಯದ ಖರ್ಚು. ಹಾಗೆಂದು ಹೊಸ ಪದ್ಧತಿಯೇ ಒಪ್ಪಿದೆ. ಒಪ್ಪದಿದ್ದರೆ ಬಾಡಿಗೆಯ ಮಟ್ಟದ ತನಕವಾದರೂ ಅದನ್ನು ಕಳೆಯಲು ಏಕೆ ಬಿಟ್ಟಿತು? ಸ್ವಂತ ವಾಸದ ಮನೆಯ ಬಡ್ಡಿಯನ್ನು ಪೂರ್ತಿ ತೆಗೆದುಹಾಕಿ ಬಾಡಿಗೆ ಮನೆಯದನ್ನು ಮಾತ್ರ ಏಕೆ ಉಳಿಸಿತು? ಖರ್ಚು ಎಂದು ಒಪ್ಪಿದ ಮೇಲೆ ಅದು ಮಾರ್ಚ್ 31ರ ಮಧ್ಯರಾತ್ರಿ ಸಾಯುವುದು ಹೇಗೆ? ಅಂಗಡಿಯವನ ವ್ಯಾಪಾರದ ನಷ್ಟ ಎಂಟು ವರ್ಷ ಬದುಕುತ್ತದೆ. ಷೇರು ಮಾರಿ ಕಳೆದುಕೊಂಡವನ ಬಂಡವಾಳ ನಷ್ಟವೂ ಎಂಟು ವರ್ಷ ಬದುಕುತ್ತದೆ. ಹೊಸ ಪದ್ಧತಿಗೆ ಹೋದ ಮಾತ್ರಕ್ಕೆ ಅವು ಸಾಯುವುದಿಲ್ಲ. ಸಾಲ ಮಾಡಿ ಮನೆ ಕೊಂಡು ಬಾಡಿಗೆಗೆ ಕೊಟ್ಟವನ ನಷ್ಟ ಮಾತ್ರ ವರ್ಷಕ್ಕೊಮ್ಮೆ ಸಾಯುತ್ತದೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುವುದು ಇದಕ್ಕೇ.

ಇನ್ನೊಂದು ಕಡೆ ಸರ್ಕಾರ ಎಷ್ಟು ಚುರುಕಾಗಿದೆ ನೋಡಿ. ಕೆಲವರು 24(ಬಿ) ಅಡಿಯಲ್ಲಿ ಬಡ್ಡಿ ಕಳೆದುಕೊಂಡು, ಮನೆ ಮಾರುವಾಗ ಅದೇ ಬಡ್ಡಿಯನ್ನು ಕೊಂಡ ಬೆಲೆಗೆ ಸೇರಿಸಿ ಬಂಡವಾಳ ಲಾಭವನ್ನೂ ಕಡಿಮೆ ತೋರಿಸುತ್ತಿದ್ದರು. 2023ರ ಹಣಕಾಸು ಕಾಯ್ದೆ ಇದನ್ನು ನಿಲ್ಲಿಸಿತು. ಒಂದೇ ಬಡ್ಡಿಯನ್ನು ಎರಡು ಸಲ ಕಳೆಯುವಂತಿಲ್ಲ ಎಂಬ ತತ್ವ ಸರಿಯಾದದ್ದೇ. ಎರಡು ಸಲ ಬೇಡ ಎನ್ನುವ ಕಾನೂನು ಒಂದು ಸಲವಾದರೂ ಕೊಡಬೇಕು. ಸೊನ್ನೆ ಸಲ ಕೊಡುವುದಕ್ಕೆ ಯಾವ ತತ್ವವೂ ಇಲ್ಲ.

ಹಳೆಯ ಪದ್ಧತಿಯ ಎಂಟು ವರ್ಷವೂ ಸಾಲದು ಎಂಬುದನ್ನು ಮೇಲಿನ ಲೆಕ್ಕವೇ ತೋರಿಸುತ್ತದೆ. ಇಪ್ಪತ್ತು ವರ್ಷದ ಸಾಲದಲ್ಲಿ ದೊಡ್ಡ ನಷ್ಟಗಳು ಮೊದಲ ಮೂರು ವರ್ಷಗಳಲ್ಲಿ ಹುಟ್ಟುತ್ತವೆ. ಆದಾಯ ಹುಟ್ಟುವುದು ಹನ್ನೆರಡನೇ ವರ್ಷ. ಮೂರನೇ ವರ್ಷದ ನಷ್ಟ ಹನ್ನೊಂದನೇ ವರ್ಷಕ್ಕೆ ತೀರಿಕೊಂಡಿರುತ್ತದೆ. ಎಂಟು ಎಂಬ ಸಂಖ್ಯೆ ಅಂಗಡಿಯ ಲೆಕ್ಕದಿಂದ ಬಂದದ್ದು, ಮನೆಯ ಲೆಕ್ಕಕ್ಕೆ ಅದು ಒಗ್ಗುವುದಿಲ್ಲ.

ಬೇರೆಯವರು ಏನು ಮಾಡಿದರು

ಬಡ್ಡಿಯನ್ನೇ ಕಳೆಯಬಾರದು ಎಂದು ಪಟ್ಟು ಹಿಡಿಯುವವರೂ ಇದ್ದಾರೆ. ಸಾಲ ಮಾಡಿ ಮನೆಗಳನ್ನು ಗುಡ್ಡೆ ಹಾಕಿಕೊಳ್ಳುವ ಮಾಲೀಕರಿಗೆ ಬುದ್ಧಿ ಕಲಿಸಬೇಕು ಎಂಬುದು ಅವರ ವಾದ. ಇದನ್ನು ಬ್ರಿಟನ್ ಮಾಡಿ ನೋಡಿತು. 2015ರಲ್ಲಿ ಜಾರ್ಜ್ ಆಸ್ಬರ್ನ್ ಹಣಕಾಸು ಸಚಿವರಾಗಿದ್ದಾಗ ಬಂದ ಕಾಯ್ದೆ, 2017ರಿಂದ 2020ರ ನಡುವೆ ಹಂತಹಂತವಾಗಿ, ವ್ಯಕ್ತಿಗತ ಮಾಲೀಕರು ಬಾಡಿಗೆಯಿಂದ ಬಡ್ಡಿ ಕಳೆಯುವುದನ್ನು ನಿಲ್ಲಿಸಿತು. ಬದಲಿಗೆ ಬಡ್ಡಿಯ ಶೇ. 20ರಷ್ಟನ್ನು ತೆರಿಗೆಯಿಂದ ಬಿಡುತ್ತದೆ. ಕಾಕತಾಳೀಯವೆಂದರೆ ಅಲ್ಲಿಯೂ ಆ ಕಲಮಿನ ಸಂಖ್ಯೆ 24. ಕಂಪನಿಗಳಿಗೆ ಆ ನಿಯಮ ಅನ್ವಯಿಸಲಿಲ್ಲ. ಹೀಗಾಗಿ ಕಂಪನಿ ಹೆಸರಿನಲ್ಲಿ ಮನೆ ಕೊಳ್ಳುವುದು ಹೆಚ್ಚಿತು. ಒಂದೆರಡು ಮನೆಯ ಮಾಲೀಕರು, ನಿಜವಾಗಿ ಕೈಗೆ ಏನೂ ಉಳಿಯದ ವರ್ಷದಲ್ಲೂ ತೆರಿಗೆ ಕಟ್ಟುವ ಸ್ಥಿತಿಗೆ ಬಂದರು. ಹೊಡೆತ ಬಿದ್ದದ್ದು ಗುಡ್ಡೆ ಹಾಕಿಕೊಂಡವರಿಗಲ್ಲ.

ನ್ಯೂಜಿಲೆಂಡಿನ ಕಥೆ ಇನ್ನೂ ಪಾಠ ಹೇಳುವಂಥದು. ಅಲ್ಲಿನ ಲೇಬರ್ ಸರ್ಕಾರ 2021ರ ಅಕ್ಟೋಬರಿನಿಂದ ಬಡ್ಡಿ ಕಡಿತವನ್ನು ಮೊಟಕುಗೊಳಿಸತೊಡಗಿತು. ಸರ್ಕಾರ ಬದಲಾಯಿತು. 2024ರ ಏಪ್ರಿಲಿನಲ್ಲಿ ಶೇ. 80, 2025ರ ಏಪ್ರಿಲಿನಲ್ಲಿ ಶೇ. 100 ಬಡ್ಡಿ ಕಡಿತ ಮರಳಿತು. ಐರ್ಲೆಂಡ್ ಕೂಡ 2009ರಲ್ಲಿ ಶೇ. 75ಕ್ಕೆ ಇಳಿಸಿ 2019ರಲ್ಲಿ ಶೇ. 100ಕ್ಕೆ ಮರಳಿತ್ತು. ಆದರೆ ನ್ಯೂಜಿಲೆಂಡಿನಲ್ಲಿ 2019ರಲ್ಲೇ ಬಂದಿದ್ದ ಇನ್ನೊಂದು ನಿಯಮ ಈ ಎಳೆದಾಟದಲ್ಲಿ ಅಲುಗಾಡಲಿಲ್ಲ. ಬಾಡಿಗೆ ಮನೆಯ ನಷ್ಟವನ್ನು ಸಂಬಳದಿಂದ ಕಳೆಯುವಂತಿಲ್ಲ, ಮುಂದಿನ ಬಾಡಿಗೆಯಿಂದ ಕಳೆಯಲು ಇಟ್ಟುಕೊಳ್ಳಬಹುದು ಎಂಬುದು ಆ ನಿಯಮ. ಎಡದವರೂ ಬಲದವರೂ ಅದನ್ನು ಬಿಟ್ಟುಕೊಂಡರು, ಏಕೆಂದರೆ ಅದರಲ್ಲಿ ಎರಡು ಕಡೆಯ ನ್ಯಾಯವೂ ಇದೆ. ಬೇಲಿ ಹಾಕುವುದು ಬೇರೆ, ಬೇಲಿಯೊಳಗಿನ ಬೆಳೆಯನ್ನು ಸುಡುವುದು ಬೇರೆ. ಭಾರತ ಬೇಲಿಯನ್ನೂ ಹಾಕಿತು, ಬೆಂಕಿಯನ್ನೂ ಇಟ್ಟಿತು.

ಬೀಗ ಹಾಕಿದರೆ ಮಾಫಿ

ಇನ್ನು ಮೂರನೇ ವೇಷಕ್ಕೆ ಬರೋಣ. ಊರಿನ ಮಾಲೀಕ ಪರಊರಿನ ಬಾಡಿಗೆದಾರನೂ ಆಗಿದ್ದಾನೆ. ಅವನು ಕೊಡುವ ಬಾಡಿಗೆಗೆ ಕಾನೂನು ಏನು ಬೆಲೆ ಕಟ್ಟುತ್ತದೆ? ಹೊಸ ಪದ್ಧತಿಯಲ್ಲಿ ಎಚ್‌ಆರ್‌ಎ ವಿನಾಯಿತಿ ಇಲ್ಲ. ಎಚ್‌ಆರ್‌ಎ ಇಲ್ಲದ ಸ್ವಂತ ಉದ್ಯೋಗಿಗಳಿಗೆಂದು ಇದ್ದ 80ಜಿಜಿ ಹಳೆಯ ಪದ್ಧತಿಗೆ ಮಾತ್ರ, ಅದೂ ತಿಂಗಳಿಗೆ ಗರಿಷ್ಠ 5,000 ರೂಪಾಯಿ. ಮುಂಬೈಯಲ್ಲಿ 5,000 ರೂಪಾಯಿಗೆ ಸಿಗುವ ಜಾಗದಲ್ಲಿ ಒಂದು ಸ್ಕೂಟರ್ ನಿಲ್ಲಿಸಬಹುದೇನೋ.

ಬಾಡಿಗೆ ಕೊಡುವುದು ಅನುಭೋಗ, ಆದ್ದರಿಂದ ಅದಕ್ಕೆ ಕಡಿತ ಇಲ್ಲ ಎನ್ನುವವರಿಗೆ ಒಂದು ಉದಾಹರಣೆ. ಮೈಸೂರಿನಲ್ಲಿ ಮನೆ ಇರುವ ಒಬ್ಬರು ಪುಣೆಯಲ್ಲಿ ಕೆಲಸ ಮಾಡುತ್ತಾರೆ. ಪುಣೆಯಲ್ಲಿ ಮನೆ ಇರುವ ಇನ್ನೊಬ್ಬರು ಮೈಸೂರಿನಲ್ಲಿ ಕೆಲಸ ಮಾಡುತ್ತಾರೆ. ಇಬ್ಬರ ಸಾಲವೂ ತೀರಿದೆ. ಅವರು ಇವರ ಮನೆಯಲ್ಲಿ, ಇವರು ಅವರ ಮನೆಯಲ್ಲಿ ಇದ್ದು ಪರಸ್ಪರ ತಿಂಗಳಿಗೆ 20,000 ರೂಪಾಯಿ ಕೊಟ್ಟುಕೊಳ್ಳುತ್ತಾರೆ. ವರ್ಷದ ಕೊನೆಗೆ ಯಾರ ಬಳಿಯೂ ಒಂದು ಪೈಸೆ ಹೆಚ್ಚಾಗಿಲ್ಲ. ಪಾಲಿಕೆ ತೆರಿಗೆಯನ್ನು ಪಕ್ಕಕ್ಕಿಟ್ಟರೂ ಇಬ್ಬರಿಗೂ ತಲಾ 1.68 ಲಕ್ಷ ತೆರಿಗೆಗೊಳಪಡುವ ಆದಾಯ ಹುಟ್ಟಿದೆ. ಶೇ. 30ರ ಹಂತದಲ್ಲಿದ್ದರೆ ತಲಾ 52,416 ರೂಪಾಯಿ ತೆರಿಗೆ. ಇದೇ ಇಬ್ಬರು ತಮ್ಮ ತಮ್ಮ ಊರಿನಲ್ಲೇ ಕೆಲಸ ಹುಡುಕಿಕೊಂಡು ತಮ್ಮ ತಮ್ಮ ಮನೆಯಲ್ಲೇ ಇದ್ದಿದ್ದರೆ ಆ ತೆರಿಗೆ ಸೊನ್ನೆ, ಏಕೆಂದರೆ ಸ್ವಂತ ವಾಸದ ಮನೆಯ ವಾರ್ಷಿಕ ಮೌಲ್ಯ ಸೊನ್ನೆ ಎಂದು ಕಾನೂನು ಹಿಡಿಯುತ್ತದೆ. ಅಂದರೆ ಈ ತೆರಿಗೆ ಬಿದ್ದದ್ದು ಆದಾಯದ ಮೇಲಲ್ಲ, ಊರು ಬಿಟ್ಟದ್ದರ ಮೇಲೆ.

ಊರು ಬಿಟ್ಟವರನ್ನು ಕಾನೂನು ಕಂಡೇ ಇಲ್ಲ ಎನ್ನುವಂತಿಲ್ಲ. ಉದ್ಯೋಗದ ಕಾರಣಕ್ಕೆ ಬೇರೆ ಕಡೆ ಇರಬೇಕಾಗಿ ಬಂದು ತನ್ನ ಮನೆಯಲ್ಲಿ ವಾಸಿಸಲಾಗದವರ ಮನೆಯ ಮೌಲ್ಯವೂ ಸೊನ್ನೆ ಎಂದು 23ನೇ ಕಲಮು ಹಿಂದಿನಿಂದಲೂ ಹೇಳುತ್ತ ಬಂದಿದೆ. ಒಂದೇ ಷರತ್ತು: ಆ ಮನೆಯನ್ನು ಬಾಡಿಗೆಗೆ ಕೊಟ್ಟಿರಬಾರದು. 2019-20ರಿಂದ ಈ ಸೊನ್ನೆ ಒಂದಲ್ಲ, ಎರಡು ಮನೆಗಳಿಗೆ. 2025ರ ಬಜೆಟ್ ಇನ್ನೂ ಮುಂದೆ ಹೋಗಿ, ಯಾವ ಕಾರಣಕ್ಕೆ ವಾಸಿಸುತ್ತಿಲ್ಲ ಎಂದು ಕೇಳುವುದನ್ನೂ ಬಿಟ್ಟಿತು. ಎರಡನೇ ಮನೆಗೆ ಬೀಗ ಹಾಕಿಟ್ಟರೆ ತೆರಿಗೆ ಇಲ್ಲ. ಬೀಗ ತೆಗೆದು ಒಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟರೆ ಲೆಕ್ಕ ಕೊಡಿ ಎನ್ನುತ್ತದೆ.

ಇಂಥ ಕಾನೂನಿರುವ ದೇಶದಲ್ಲಿ 2017-18ರ ಆರ್ಥಿಕ ಸಮೀಕ್ಷೆ ಕೊಟ್ಟ ಅಂಕಿಗಳು ಅಚ್ಚರಿ ಹುಟ್ಟಿಸಬಾರದು. 2011ರ ಜನಗಣತಿಯನ್ನು ಆಧರಿಸಿ ಅದು ಹೇಳಿದಂತೆ ನಗರಗಳ ಮನೆಗಳಲ್ಲಿ ಸುಮಾರು ಶೇ. 12 ಖಾಲಿ. ಮುಂಬೈಯಲ್ಲಿ ಸುಮಾರು 4.8 ಲಕ್ಷ, ದಿಲ್ಲಿ ಮತ್ತು ಬೆಂಗಳೂರುಗಳಲ್ಲಿ ತಲಾ ಸುಮಾರು 3 ಲಕ್ಷ. ನಗರಗಳಲ್ಲಿ ಬಾಡಿಗೆ ಮನೆಗಳ ಪಾಲು 1961ರಲ್ಲಿ ಶೇ. 54 ಇದ್ದದ್ದು 2011ಕ್ಕೆ ಶೇ. 28ಕ್ಕೆ ಇಳಿದಿತ್ತು. ಬಾಡಿಗೆ ನಿಯಂತ್ರಣ ಕಾನೂನುಗಳು, ನ್ಯಾಯಾಲಯದ ವಿಳಂಬ, ಬಾಡಿಗೆದಾರ ಬಿಡದೆ ಕೂತಾನು ಎಂಬ ಭಯ ಇವೆಲ್ಲ ಕಾರಣಗಳೇ. ತೆರಿಗೆಯೊಂದೇ ಬೀಗ ಹಾಕಿಸಿತು ಎನ್ನುವಂತಿಲ್ಲ. ಆದರೆ ಬೀಗ ತೆಗೆಯಲು ಅದು ನೆರವಾಗುತ್ತಿಲ್ಲ ಎಂಬುದಂತೂ ನಿಜ.

ಎಚ್‌ಆರ್‌ಎ ತೆಗೆದದ್ದರಿಂದ ಖಜಾನೆಗೂ ಒಂದು ನಷ್ಟವಿದೆ. ವರ್ಷಕ್ಕೆ 1 ಲಕ್ಷ ಮೀರಿದ ಬಾಡಿಗೆಗೆ ಎಚ್‌ಆರ್‌ಎ ವಿನಾಯಿತಿ ಬೇಕಾದರೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕು. ಅಂದರೆ ಬಾಡಿಗೆದಾರ ಸರ್ಕಾರದ ಪರವಾಗಿ ಬಿಟ್ಟಿ ಗುಮಾಸ್ತನ ಕೆಲಸ ಮಾಡುತ್ತಿದ್ದ. ತನ್ನ ತೆರಿಗೆ ಉಳಿಸಲು ಮಾಲೀಕರ ಆದಾಯವನ್ನು ಬಯಲಿಗೆ ತರುತ್ತಿದ್ದ. ಹೊಸ ಪದ್ಧತಿಯಲ್ಲಿ ಅವನಿಗೆ ಆ ಆಸಕ್ತಿ ಇಲ್ಲ. ನಗದು ಕೊಡಿ, ರಸೀತಿ ಬೇಡ ಎಂದು ಮಾಲೀಕರು ಹೇಳಿದರೆ ಅವನು ಕಳೆದುಕೊಳ್ಳುವುದೇನೂ ಇಲ್ಲ. ಬಡ್ಡಿಯ ಲೆಕ್ಕವನ್ನು ಪೈಸೆಪೈಸೆಗೂ ತೋರಿಸುವ ಸಾಲಗಾರ ಮಾಲೀಕ ಪಾರದರ್ಶಕ. ಸಾಲವಿಲ್ಲದೆ ಹತ್ತು ಮನೆ ಇಟ್ಟುಕೊಂಡು ನಗದು ಎಣಿಸುವ ಮಾಲೀಕನನ್ನು ಕಾಣುವ ಕಣ್ಣು ಮಾತ್ರ ಮುಚ್ಚಿತು. ಬ್ಯಾಂಕಿನ ಮೂಲಕ ಬಾಡಿಗೆ ತೋರಿಸಿದರೂ ಅವನಿಗೆ ಆ ಶೇ. 30 ಹಾಗೆಯೇ ಸಿಗುತ್ತದೆ.

ಭೋಗ್ಯ ಹೇಳುವ ಸತ್ಯ

ಬಡ್ಡಿಗೂ ಬಾಡಿಗೆಗೂ ಇರುವ ನಂಟನ್ನು ಬೆಂಗಳೂರಿಗೆ ಯಾವ ಅರ್ಥಶಾಸ್ತ್ರಜ್ಞನೂ ಕಲಿಸಬೇಕಾಗಿಲ್ಲ. ಅಲ್ಲಿ ಮನೆಗಳು ಬಾಡಿಗೆಗೂ ಸಿಗುತ್ತವೆ, ಭೋಗ್ಯಕ್ಕೂ ಸಿಗುತ್ತವೆ. ಭೋಗ್ಯವೆಂದರೆ ಒಂದು ದೊಡ್ಡ ಮೊತ್ತವನ್ನು ಮಾಲೀಕನ ಕೈಗಿಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಮೊತ್ತವನ್ನು ಪೂರ್ತಿ ವಾಪಸು ಪಡೆಯುವುದು. ಬಾಡಿಗೆದಾರ ತನ್ನ ಹಣದ ಬಡ್ಡಿ ಬಿಡುತ್ತಾನೆ, ಮಾಲೀಕ ತನ್ನ ಮನೆಯ ಬಾಡಿಗೆ ಬಿಡುತ್ತಾನೆ. ಒಂದಕ್ಕೊಂದು ವಜಾ. ಆಟೋ ಓಡಿಸುವವರು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು ಕೂಡ ಈ ಲೆಕ್ಕವನ್ನು ಕಾಗದ ಪೆನ್ನಿಲ್ಲದೆ ಮಾಡುತ್ತಾರೆ. ಮನೆಯನ್ನು ಅನುಭವಿಸುವ ಬೆಲೆಯೂ ಹಣವನ್ನು ಅನುಭವಿಸುವ ಬೆಲೆಯೂ ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳು ಎಂಬ ತಿಳಿವಳಿಕೆ ಆ ಒಂದು ಪದದಲ್ಲಿ ಇದೆ. ಬಾಡಿಗೆಯಿಂದ ಬಡ್ಡಿ ಕಳೆಯುವ ಹಕ್ಕು ಎಂದರೆ ಇದೇ ತಕ್ಕಡಿ. ಕೊಟ್ಟ ಬಾಡಿಗೆಯನ್ನು ಬಂದ ಬಾಡಿಗೆಗೆ ಹೊಂದಿಸುವುದು ಎಂದರೂ ಇದೇ ತಕ್ಕಡಿ. ಜನ ಬಳಸುವ ತಕ್ಕಡಿಯನ್ನು ಕಾನೂನು ಒಂದು ತಟ್ಟೆ ತೆಗೆದು ಬಳಸುತ್ತಿದೆ.

ಕೇಳಬೇಕಾದ ಮೂರು

ಹಾಗಾದರೆ ಕೇಳಬೇಕಾದದ್ದು ಏನು? ಮೊದಲನೆಯದು, ಬಾಡಿಗೆ ಮನೆಯ ಬಡ್ಡಿಯಿಂದ ಹುಟ್ಟಿದ ನಷ್ಟ ಬಾಡಿಗೆಯ ಬೇಲಿಯೊಳಗೇ ಇರಲಿ, ಆದರೆ ಆ ಸಾಲ ಇರುವ ತನಕ ಬದುಕಿರಲಿ. ಎರಡು ಪದ್ಧತಿಗಳಲ್ಲೂ ಒಂದೇ ನಿಯಮವಾಗಲಿ. ಹಳೆಯ ಪದ್ಧತಿಯಲ್ಲಿ ಸಂಬಳದಿಂದ ಕಳೆಯುವ 2 ಲಕ್ಷ ಹೋದರೂ ಹೋಗಲಿ. ಖಜಾನೆ ಕೊಡುವುದು ಇವತ್ತಿನ ಸಹಾಯಧನವಲ್ಲ, ನಾಳೆಯ ನ್ಯಾಯವಾದ ಲೆಕ್ಕ.

ಎರಡನೆಯದು, ತನಗಿರುವ ಒಂದೇ ಮನೆಯನ್ನು ಬಾಡಿಗೆಗೆ ಕೊಟ್ಟು ಬೇರೆ ಊರಿನಲ್ಲಿ ಬಾಡಿಗೆಗಿರುವವರಿಗೆ, ಕೊಟ್ಟ ಬಾಡಿಗೆಯನ್ನು ಬಂದ ಬಾಡಿಗೆಯ ಮಟ್ಟದ ತನಕ ಕಳೆಯಲು ಅವಕಾಶ ಸಿಗಲಿ. ಷರತ್ತುಗಳಿರಲಿ: ಬ್ಯಾಂಕಿನ ಮೂಲಕ ಕೊಟ್ಟಿರಬೇಕು, ಮಾಲೀಕರ ಪ್ಯಾನ್ ಕೊಡಬೇಕು, ಒಂದು ಮನೆಗೆ ಮಾತ್ರ. ದುರುಪಯೋಗವಾದೀತು ಎಂಬ ಭಯಕ್ಕೆ ಈ ಷರತ್ತುಗಳೇ ಉತ್ತರ. ಎಚ್‌ಆರ್‌ಎಯಲ್ಲಿ ನಡೆಯುತ್ತಿದ್ದ ಸುಳ್ಳು ರಸೀತಿಗಿಂತ ಇಲ್ಲಿ ಸುಳ್ಳು ಹೇಳುವುದು ಕಷ್ಟ, ಏಕೆಂದರೆ ಇಲ್ಲಿ ಕಳೆಯಬೇಕಾದರೆ ಮೊದಲು ತನ್ನ ಬಾಡಿಗೆ ಆದಾಯವನ್ನು ತೋರಿಸಲೇಬೇಕು.

ಮೂರನೆಯದು ಭಾಷೆಯದು. 2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ. 819 ಕಲಮುಗಳು 536 ಆಗಿವೆ, 5 ಲಕ್ಷಕ್ಕೂ ಹೆಚ್ಚು ಪದಗಳು ಸುಮಾರು 2.6 ಲಕ್ಷಕ್ಕೆ ಇಳಿದಿವೆ. ನೀತಿ ಬದಲಿಸುವುದು ಉದ್ದೇಶವಲ್ಲ, ಭಾಷೆಯನ್ನು ಸರಳಗೊಳಿಸುವುದು ಉದ್ದೇಶ ಎಂದು ಸರ್ಕಾರವೇ ಹೇಳಿತು. ಪದಗಳನ್ನು ಎಣಿಸಿ ಕಡಿಮೆ ಮಾಡುವುದು ಸುಲಭ. ಆದರೆ ಸರಳ ಭಾಷೆಯ ಮೊದಲ ಲಕ್ಷಣ ಸುಳ್ಳು ಹೇಳದಿರುವುದು. ಕೊಡದ ಕಡಿತವನ್ನು ಕೊಡುವುದಿಲ್ಲ ಎಂದು ಹೇಳುವ ಧೈರ್ಯ ಸಂಸತ್ತಿಗೆ ಇರಬೇಕು. ಕೊಟ್ಟಿದ್ದೇವೆ ಎಂದು ಭಾವಿಸಿ ಎನ್ನುವ ವಾಕ್ಯ ಎಷ್ಟು ಚಿಕ್ಕದಾದರೂ ಸರಳವಲ್ಲ.

ಇದೆಲ್ಲ ಮಾಲೀಕರ ಪರವಾದ ಮಾತು ಎಂದು ಕೆಲವರಿಗೆ ಅನಿಸಬಹುದು. ದೇಶದ ಬಹುಪಾಲು ಜನಕ್ಕೆ ಬಾಡಿಗೆಗೆ ಕೊಡಲು ಮನೆಯಿಲ್ಲ, ತೆರಿಗೆ ಕಟ್ಟುವಷ್ಟು ಆದಾಯವೂ ಇಲ್ಲ ಎಂಬುದು ನಿಜ. ಆದರೆ ಬೀಗ ಹಾಕಿದ ಮನೆಗಳಿಂದ ಅವರಿಗೂ ಉಪಯೋಗವಿಲ್ಲ. ಕೆಲಸ ಹುಡುಕಿ ಕಲಬುರಗಿಯಿಂದ ಹೈದರಾಬಾದಿಗೆ, ಬೆಳಗಾವಿಯಿಂದ ಪುಣೆಗೆ ಹೋಗುವವರಿಗೆ ಬೇಕಾದದ್ದು ಬೀಗ ತೆಗೆದ ಮನೆ, ರಸೀತಿ ಕೊಡುವ ಮಾಲೀಕ. ಬಾಡಿಗೆಗೆ ಕೊಟ್ಟವನ ಖರ್ಚನ್ನು ಖರ್ಚೆಂದು ಒಪ್ಪುವ, ಬಾಡಿಗೆ ಕಟ್ಟುವವನ ರಸೀತಿಗೆ ಬೆಲೆ ಕೊಡುವ ಕಾನೂನು ಆ ಎರಡನ್ನೂ ಸ್ವಲ್ಪ ಹತ್ತಿರ ತರುತ್ತದೆ. ಈಗಿನದು ಎರಡನ್ನೂ ದೂರ ತಳ್ಳುತ್ತಿದೆ, ಮತ್ತು ಸರಳವಾಗಿದ್ದೇನೆ ಎಂದು ಹೇಳಿಕೊಳ್ಳುತ್ತಿದೆ.